ಥಂಡಿಯಲ್ಲಿ 21 ಕಿ.ಮೀ. ಓಡಿದರೆ ರಕ್ತ ಗಟ್ಟಿಯಾಗುತ್ತದೆಯೇ? ಹೆಚ್ಚು ಎಚ್ಚರ ಬೇಕಿರುವುದು ಓಟ ಮುಗಿದ ಮೇಲೆ

ಡಿಸೆಂಬರ್ ಬಂತೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಒಟ್ಟಿಗೇ ಬರುತ್ತವೆ. ಒಂದು, ಮ್ಯಾರಥಾನ್ ಓಟಕ್ಕೆ ಹೆಸರು ಕೊಡಿ ಎನ್ನುವುದು. ಇನ್ನೊಂದು, ಥಂಡಿಯಲ್ಲಿ ಓಡಬೇಡಿ, ರಕ್ತ ಗಟ್ಟಿಯಾಗಿ ಹೃದಯಾಘಾತವಾಗುತ್ತದೆ, ನಿಮ್ಮವರಿಗೆಲ್ಲ ಕಳಿಸಿ ಎನ್ನುವುದು.

ಅಥಣಿಯಿಂದ ಎಪ್ಪತ್ತು-ಎಂಬತ್ತು ಕಿ.ಮೀ. ದೂರದ ವಿಜಯಪುರದಲ್ಲಿ ಡಿಸೆಂಬರ್ ಹೊತ್ತಿಗೆ ನಡೆಯುವ ‘ವೃಕ್ಷಥಾನ್’ ಓಟದಲ್ಲಿ 21 ಕಿ.ಮೀ. ವಿಭಾಗವೂ ಇರುತ್ತದೆ. ಅಂಥ ಓಟಕ್ಕೆಂದು ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದು ಅಭ್ಯಾಸ ಮಾಡಿದವರಿದ್ದಾರೆ. ಪೊಲೀಸ್ ಮತ್ತು ಸೇನಾ ಭರ್ತಿಗೆಂದು ಇದೇ ಥಂಡಿಯಲ್ಲಿ ಓಡುವ ಹುಡುಗರೂ ಬಹಳ. ಓಟದ ಹಿಂದಿನ ರಾತ್ರಿ ಚಳಿ ಒಮ್ಮೆಲೇ ಏರಿದರೆ ಮನೆಯವರು ಈ ಎರಡನೇ ಸಂದೇಶ ತೋರಿಸಿ ‘ಹೋಗಬ್ಯಾಡ’ ಎನ್ನುತ್ತಾರೆ. ಹೋಗಬೇಕೋ ಬೇಡವೋ?

ನಮ್ಮ ಉತ್ತರ ಚುಟುಕಾಗಿ ಹೀಗಿದೆ: ಅಭ್ಯಾಸವಿರುವ, ಆರೋಗ್ಯವಾಗಿರುವ ವ್ಯಕ್ತಿಗೆ 10-12 ಡಿಗ್ರಿ ಸೆಲ್ಸಿಯಸ್ ಥಂಡಿ ಶತ್ರುವಲ್ಲ, ದೂರದ ಓಟಕ್ಕೆ ಅದು ಒಳ್ಳೆಯ ಹವೆಯೇ. ಅಪಾಯ ಇರುವುದು ಎರಡು ಕಡೆ. ಒಂದು, ಗೊತ್ತಿಲ್ಲದೆ ಒಳಗೇ ಇರುವ ಹೃದಯದ ಕಾಯಿಲೆಯಲ್ಲಿ. ಇನ್ನೊಂದು, ಓಟ ನಿಲ್ಲಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಕಳೆಯುವ ಮೊದಲ ಅರ್ಧ ಗಂಟೆಯಲ್ಲಿ.

ನಿನ್ನೆ ಇಲ್ಲದ ಥಂಡಿ ಇವತ್ತು ಎಲ್ಲಿಂದ ಬಂತು?

ಅಥಣಿ ಸಮುದ್ರದಿಂದ ದೂರ ಇರುವ, ಸುಮಾರು 550 ಮೀಟರ್ ಎತ್ತರದ ಬಯಲು ಸೀಮೆ. ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿ ಹೊದಿಸಿದಂತೆ ಆ ಕಾವನ್ನು ತಡೆಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಇಲ್ಲಿಯವರೆಗೂ ಮೋಡ ಬಂದ ದಿನಗಳಲ್ಲಿ ರಾತ್ರಿ ಬೆಚ್ಚಗಿರುವುದು ಇದಕ್ಕೇ. ಮೋಡ ಸರಿದು, ಉತ್ತರದ ಒಣ ಗಾಳಿ ಬೀಸತೊಡಗಿದರೆ ಒಂದೆರಡು ರಾತ್ರಿಯಲ್ಲೇ ಬೆಳಗಿನ ತಾಪಮಾನ ನಾಲ್ಕೈದು ಡಿಗ್ರಿ ಇಳಿಯಬಹುದು.

ದಿನದಲ್ಲಿ ಅತಿ ಹೆಚ್ಚು ಥಂಡಿ ಇರುವುದು ನಡುರಾತ್ರಿಯಲ್ಲ, ಸೂರ್ಯ ಹುಟ್ಟುವ ಹೊತ್ತಿನಲ್ಲಿ. ಬಹುತೇಕ ಓಟಗಳು ಶುರುವಾಗುವುದೂ ಆಗಲೇ. ಹಿಂದಿನ ಮಧ್ಯಾಹ್ನ 29-30 ಡಿಗ್ರಿ ಬಿಸಿಲು ಕಂಡವರು ಮರುದಿನ ನಸುಕಿನ ಥಂಡಿಗೆ ತಯಾರಾಗಿರುವುದಿಲ್ಲ.

‘ಶೀತಗಾಳಿ ಎಚ್ಚರಿಕೆ’ ಎಂಬ ಸುದ್ದಿಯನ್ನೂ ಸರಿಯಾಗಿ ಓದಬೇಕು. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಹೋಗಿ, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆಯಾದಾಗ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ. ಅಂದರೆ ಅದು ‘ಈ ಊರಿಗೆ ಇದು ರೂಢಿಯ ಥಂಡಿಯಲ್ಲ’ ಎಂಬ ಸೂಚನೆ. ವಯಸ್ಸಾದವರು, ಎಳೆ ಮಕ್ಕಳು, ಬಯಲಲ್ಲಿ ಮಲಗುವವರು ಇದಕ್ಕೆ ಹೆಚ್ಚು ಕಿವಿಗೊಡಬೇಕು. ಆದರೆ ಓಡುತ್ತಿರುವ ದೇಹದ ಲೆಕ್ಕ ಬೇರೆ.

ಓಡುವ ದೇಹ ಉರಿಯುವ ಒಲೆ

ಓಡುವಾಗ ಪ್ರತಿ ಕಿಲೋಮೀಟರಿಗೆ, ದೇಹತೂಕದ ಪ್ರತಿ ಕೆ.ಜಿ.ಗೆ ಸರಿಸುಮಾರು ಒಂದು ಕಿಲೋಕ್ಯಾಲರಿ ಖರ್ಚಾಗುತ್ತದೆ. 65 ಕೆ.ಜಿ. ತೂಕದವರು ಅರ್ಧ ಮ್ಯಾರಥಾನ್, ಅಂದರೆ 21.1 ಕಿ.ಮೀ., ಓಡಿದರೆ ಸುಮಾರು 1,350 ಕಿಲೋಕ್ಯಾಲರಿ. ಇದರಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಎರಡು ಗಂಟೆಯಲ್ಲಿ ಓಟ ಮುಗಿಸಿದರೆ ಗಂಟೆಗೆ 500 ಕಿಲೋಕ್ಯಾಲರಿ ಶಾಖ. ಸುಮ್ಮನೆ ಕುಳಿತವರ ಮೈ ಗಂಟೆಗೆ ಹುಟ್ಟಿಸುವುದು 65-70 ಮಾತ್ರ. ಅಂದರೆ ಓಡುವವರ ಮೈಯಲ್ಲಿ ಏಳು ಪಟ್ಟು ಕಾವು.

ಆದ್ದರಿಂದ ದೂರದ ಓಟಗಾರರ ಮುಖ್ಯ ಕಷ್ಟ ಮೈ ಬೆಚ್ಚಗಿಡುವುದಲ್ಲ, ಕಾವನ್ನು ಹೊರಹಾಕುವುದು. ಬಿಸಿಲಲ್ಲಿ ಇದಕ್ಕೆ ಬೆವರೊಂದೇ ದಾರಿ. ಥಂಡಿಯಲ್ಲಿ ಸುತ್ತಲ ಗಾಳಿಯೇ ಆ ಕೆಲಸ ಮಾಡುತ್ತದೆ. ಪ್ಯಾರಿಸ್, ಲಂಡನ್, ಬರ್ಲಿನ್, ಬೋಸ್ಟನ್, ಷಿಕಾಗೊ, ನ್ಯೂಯಾರ್ಕ್ ಮ್ಯಾರಥಾನ್‌ಗಳ ಹತ್ತು ವರ್ಷಗಳ ಸುಮಾರು 18 ಲಕ್ಷ ಫಲಿತಾಂಶಗಳನ್ನು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿತ್ತು. ಓಟಗಾರರ ಮಟ್ಟಕ್ಕೆ ತಕ್ಕಂತೆ ಅತ್ಯುತ್ತಮ ವೇಗ ಸಿಕ್ಕಿದ್ದು ಸರಿಸುಮಾರು 4ರಿಂದ 10 ಡಿಗ್ರಿ ನಡುವೆ. ನಮ್ಮವರು ಆ ಥಂಡಿಗೆ ಒಗ್ಗಿದವರಲ್ಲ ನಿಜ, ಆದರೆ ಅಥಣಿಯ 11 ಡಿಗ್ರಿ ಬೆಳಗು ಓಟಕ್ಕೆ ಶಾಪವಲ್ಲ.

ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

*ರಕ್ತ ಗಟ್ಟಿಯಾಗಿ ಹೃದಯ ನಿಲ್ಲುತ್ತದೆ:* ಅರ್ಧ ಸತ್ಯ. ಥಂಡಿಗೆ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ, ರಕ್ತದೊತ್ತಡ ಏರುತ್ತದೆ, ರಕ್ತ ಕೊಂಚ ಸಾಂದ್ರವೂ ಆಗುತ್ತದೆ. ಚಳಿಗಾಲದಲ್ಲಿ ಹೃದಯಾಘಾತ ಹೆಚ್ಚು ಎನ್ನುವುದು ಹಲವು ದೇಶಗಳಲ್ಲಿ ಕಂಡ ಸಂಗತಿ. ಆದರೆ ಆರೋಗ್ಯವಂತರಲ್ಲಿ ರಕ್ತ ಗಟ್ಟಿಯಾಗಿ ಹರಿಯದೆ ನಿಂತುಬಿಡುತ್ತದೆ ಎನ್ನುವುದು ಸುಳ್ಳು. ಅಮೆರಿಕದಲ್ಲಿ 2000ರಿಂದ 2010ರವರೆಗೆ ಪೂರ್ಣ ಮತ್ತು ಅರ್ಧ ಮ್ಯಾರಥಾನ್ ಓಡಿದ 1 ಕೋಟಿ 9 ಲಕ್ಷ ಜನರ ಲೆಕ್ಕ ತೆಗೆದಾಗ, ಓಟದ ವೇಳೆ ಅಥವಾ ಮುಗಿದ ಕೂಡಲೇ ಹೃದಯಸ್ತಂಭನವಾದದ್ದು 59 ಮಂದಿಗೆ. ಅರ್ಧ ಮ್ಯಾರಥಾನ್‌ನಲ್ಲಿ ಆ ಪ್ರಮಾಣ ಪೂರ್ಣ ಮ್ಯಾರಥಾನ್‌ನ ಸುಮಾರು ಕಾಲು ಭಾಗ. ಇದು ಅಮೆರಿಕದ ಲೆಕ್ಕ. ಭಾರತೀಯರಲ್ಲಿ ಹೃದ್ರೋಗ ಚಿಕ್ಕ ವಯಸ್ಸಿಗೇ ಬರುವುದುಂಟು, ತಪಾಸಣೆ ಮಾಡಿಸಿಕೊಳ್ಳುವವರೂ ಕಡಿಮೆ. ಆದ್ದರಿಂದ ಬಿಪಿ, ಸಕ್ಕರೆ ಕಾಯಿಲೆ ಇರುವವರು, ಬೀಡಿ-ಸಿಗರೇಟು-ತಂಬಾಕು ಬಳಸುವವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡವರು ಹೆಸರು ಕೊಡುವ ಮೊದಲೇ ವೈದ್ಯರನ್ನು ಕಾಣಬೇಕು. ಓಡುವಾಗ ಎದೆ ಹಿಡಿದಂತಾಗುವುದು, ತಲೆ ಸುತ್ತುವುದು ಆಗಿದ್ದರೆ ಬೇಸಿಗೆಯಲ್ಲೂ ಓಡಬಾರದು.

*ಥಂಡಿ ಗಾಳಿಗೆ ಶ್ವಾಸಕೋಶ ಹೆಪ್ಪುಗಟ್ಟುತ್ತದೆ:* ಸುಳ್ಳು. ಮೂಗು, ಗಂಟಲು, ಶ್ವಾಸನಾಳ ದಾಟುವಷ್ಟರಲ್ಲಿ ಗಾಳಿ ಮೈಯಷ್ಟೇ ಬಿಸಿಯಾಗಿ, ತೇವವಾಗಿರುತ್ತದೆ. ಹಿಮದ ಮೇಲೆ ದೂರ ಸಾಗುವ ಅಂತಾರಾಷ್ಟ್ರೀಯ ಸ್ಕೀ ಸ್ಪರ್ಧೆಗಳನ್ನು ನಿಲ್ಲಿಸುವುದು ಮೈನಸ್ 20 ಡಿಗ್ರಿಗಿಂತ ಕೆಳಗೆ ಹೋದಾಗ. ಆದರೆ ಒಣ ಥಂಡಿ ಗಾಳಿ ಆಸ್ತಮಾ ಇರುವವರಲ್ಲಿ ಉಬ್ಬಸ ಎಬ್ಬಿಸಬಲ್ಲದು, ಅವರು ವೈದ್ಯರು ಹೇಳಿದಂತೆ ಇನ್‌ಹೇಲರ್ ಜೊತೆಗಿಟ್ಟುಕೊಳ್ಳಬೇಕು. ಕಬ್ಬಿನ ಹಂಗಾಮಿನಲ್ಲಿ ಈ ಭಾಗದ ಓಟಗಾರರ ಶ್ವಾಸಕೋಶಕ್ಕೆ ಥಂಡಿಗಿಂತ ಹೆಚ್ಚು ತೊಂದರೆ ಕೊಡುವುದು ರವದಿ ಸುಟ್ಟ ಹೊಗೆ. ಚಳಿಗಾಲದ ಬೆಳಗಿನಲ್ಲಿ ಅದು ಮೇಲೇರದೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಹೊಗೆ ಕವಿದ ದಾರಿ ಬಿಟ್ಟು ಬೇರೆ ಕಡೆ ಓಡುವುದು ಒಳ್ಳೆಯದು.

*ಬಾಯಾರಿಕೆ ಇಲ್ಲ, ನೀರು ಬೇಡ:* ತಪ್ಪು. ಥಂಡಿಯಲ್ಲಿ ಬಾಯಾರಿಕೆ ಕಡಿಮೆ ತೋರುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ, ಬೆವರು ಒಣ ಗಾಳಿಗೆ ಕಾಣದಂತೆ ಆರಿಹೋಗುತ್ತದೆ. ದಾರಿಯಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ. ಹಾಗೆಂದು ಬಲವಂತವಾಗಿ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೀರ ಇಳಿದು ಅದೇ ಅಪಾಯವಾಗಬಹುದು.

*ಒಂದು ಪೆಗ್ ರಮ್ ಹಾಕಿದರೆ ಮೈ ಬೆಚ್ಚಗೆ:* ಸುಳ್ಳು, ಅಪಾಯಕಾರಿಯೂ ಹೌದು. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ. ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ.

*ಮೈಕಾವಿನ ಅರ್ಧ ತಲೆಯಿಂದಲೇ ಹೋಗುತ್ತದೆ:* ಸುಳ್ಳು. ತಲೆಯಿಂದ ಹೋಗುವುದು ಹತ್ತನೇ ಒಂದು ಪಾಲಿನಷ್ಟು. ಕಿವಿ ಮುಚ್ಚಿಕೊಂಡರೆ ಹಿತವೆನಿಸುತ್ತದೆ, ಅಷ್ಟಕ್ಕೆ ಟೋಪಿ ಸಾಕು.

ನಿಂತ ಮೇಲೆ ಏನಾಗುತ್ತದೆ?

ಫಾರ್ವರ್ಡ್‌ಗಳು ಹೇಳದೇ ಬಿಡುವ ಮಾತು ಇದು. ಓಟ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಒಲೆ ಆರುತ್ತದೆ, ಶಾಖದ ಉತ್ಪತ್ತಿ ಕುಳಿತವರ ಮಟ್ಟಕ್ಕೆ ಇಳಿಯತೊಡಗುತ್ತದೆ. ಆದರೆ ಬನಿಯನ್ ಬೆವರಿನಿಂದ ತೊಯ್ದಿರುತ್ತದೆ. ಒಂದು ಗ್ರಾಂ ಬೆವರು ಆರಲು 0.58 ಕಿಲೋಕ್ಯಾಲರಿ ಶಾಖ ಬೇಕು. ಬಟ್ಟೆಯಲ್ಲಿ ಅರ್ಧ ಲೋಟದಷ್ಟು, ಅಂದರೆ 100 ಮಿಲಿಲೀಟರ್ ಬೆವರಿದ್ದರೆ 58 ಕಿಲೋಕ್ಯಾಲರಿ. ವಿಶ್ರಾಂತಿಯಲ್ಲಿರುವ ದೇಹ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಹುಟ್ಟಿಸುವ ಕಾವು ಅಷ್ಟು. ಅದರಲ್ಲಿ ಹೆಚ್ಚಿನ ಪಾಲನ್ನು ಒದ್ದೆ ಬಟ್ಟೆ ಮೈಯಿಂದಲೇ ಎಳೆದುಕೊಳ್ಳುತ್ತದೆ.

ಇದರ ಮೇಲೆ ಗಾಳಿ ಸೇರಿದರೆ? 10 ಡಿಗ್ರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಓಡಿಸಿದರೆ ಒಣ ಚರ್ಮಕ್ಕೇ ಅದು 5 ಡಿಗ್ರಿಯಂತೆ ತಾಗುತ್ತದೆ. ಒದ್ದೆ ಮೈಗೆ ಇನ್ನೂ ಹೆಚ್ಚು. ಓಟದ ದಿನ ಎಂಟೂವರೆಗೆ ಬಿಸಿಲು ಬಂದಿದ್ದರೆ ಈ ಅಪಾಯ ಕಡಿಮೆ. ಆದರೆ ಮೋಡ, ತುಂತುರು ಮಳೆ, ಗಾಳಿ ಇದ್ದ ದಿನ, ಅಥವಾ ನಸುಕಿನಲ್ಲೇ ಅಭ್ಯಾಸ ಮುಗಿಸಿ ತೊಯ್ದ ಬಟ್ಟೆಯಲ್ಲೇ ಬೈಕ್ ಹತ್ತಿ ಊರಿಗೆ ಮರಳುವವರಿಗೆ ಇದು ನಿಜವಾದ ಅಪಾಯ.

ದೇಹದ ಒಳ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿಯುವುದಕ್ಕೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಒದ್ದೆ ಮೈ, ಗಾಳಿ, ದಣಿವು ಮೂರೂ ಸೇರಿದರೆ 10 ಡಿಗ್ರಿಯ ಆಸುಪಾಸಿನಲ್ಲೂ ಆಗಬಹುದು.

ಇದರ ಅತಿ ಘೋರ ಉದಾಹರಣೆ ಚೀನಾದ ಗಾನ್ಸು ಪ್ರಾಂತ್ಯದ್ದು. 2021ರ ಮೇ 22ರಂದು ಅಲ್ಲಿ 100 ಕಿ.ಮೀ. ಬೆಟ್ಟದ ಓಟ ಶುರುವಾದಾಗ ಬಹಳ ಜನ ತೆಳು ಬಟ್ಟೆಯಲ್ಲಿದ್ದರು. ನಡುದಾರಿಯಲ್ಲಿ ಹವೆ ಒಮ್ಮೆಲೇ ತಿರುಗಿ ಆಲಿಕಲ್ಲು, ಮಳೆ, ಬಿರುಗಾಳಿ ಬಂದವು. 172 ಓಟಗಾರರಲ್ಲಿ 21 ಮಂದಿ ಸತ್ತರು. ಕುರಿ ಕಾಯುವವನೊಬ್ಬ ಆರು ಮಂದಿಯನ್ನು ಗುಹೆಗೆ ಕರೆದೊಯ್ದು, ಬೆಂಕಿ ಹಾಕಿ, ಬಟ್ಟೆ ಒಣಗಿಸಿ ಉಳಿಸಿದ. ನಮ್ಮ ಬಯಲಿನ ಓಟ ಅಂಥದ್ದಲ್ಲ, ದಾರಿಯುದ್ದಕ್ಕೂ ಊರುಗಳಿವೆ. ಆದರೆ ಜೀವ ಉಳಿಸುವ ಕ್ರಮ ಎಲ್ಲೆಡೆ ಒಂದೇ: ಗಾಳಿಯಿಂದ ಮರೆ, ಒಣ ಬಟ್ಟೆ, ಕಾವು.

ಹಾಗಾದರೆ ಏನು ಮಾಡಬೇಕು?

ಬಟ್ಟೆಯ ವಿಷಯದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರನ್ನು ನೋಡಿ. ಬೆಳಗಿನ ಮಂಜಿನಲ್ಲಿ ತಲೆಗೆ ಟಾವೆಲ್, ಮೈಗೆ ಹಳೆಯ ಶರ್ಟು ಹಾಕಿಕೊಂಡು ಕೆಲಸಕ್ಕಿಳಿಯುತ್ತಾರೆ. ಮೈ ಕಾದಂತೆ ಒಂದೊಂದೇ ತೆಗೆಯುತ್ತಾರೆ. ಓಟಕ್ಕೂ ಇದೇ ನಿಯಮ.

• ದಪ್ಪ ಸ್ವೆಟರ್ ಒಂದರ ಬದಲು ತೆಳುವಾದ ಎರಡು ಪದರ ಹಾಕಿ. ಮೈಗೆ ಅಂಟುವ ಬಟ್ಟೆ ಬೇಗ ಆರುವಂಥದ್ದಿರಲಿ, ಹತ್ತಿ ಬನಿಯನ್ ಬೆವರು ಹಿಡಿದಿಡುತ್ತದೆ.
• ಓಟ ಶುರುವಾಗುವವರೆಗೆ ಹಳೆಯ ಶರ್ಟು ಅಥವಾ ಶಾಲು ಹೊದ್ದಿರಿ. ನಿಂತಾಗ ತುಸು ಚಳಿ ಎನಿಸಿದರೆ ಸರಿ, ಒಂದೆರಡು ಕಿ.ಮೀ. ಆದ ಮೇಲೆ ಅದು ಹೋಗುತ್ತದೆ.
• ಹತ್ತು-ಹದಿನೈದು ನಿಮಿಷ ನಡೆದು, ನಿಧಾನವಾಗಿ ಓಡಿ ಮೈ ಕಾಯಿಸಿಕೊಳ್ಳಿ. ಮೊದಲ ಮೂರು ಕಿ.ಮೀ. ವೇಗ ಬೇಡ.
• ನಸುಕಿನ ಅಭ್ಯಾಸದಲ್ಲಿ ತಿಳಿ ಬಣ್ಣದ ಅಥವಾ ಹೊಳೆಯುವ ಪಟ್ಟಿಯ ಬಟ್ಟೆ ಇರಲಿ. ಮಂಜಿನಲ್ಲಿ ಹಿಂಬದಿ ದೀಪವಿಲ್ಲದೆ ಬರುವ ಕಬ್ಬಿನ ಟ್ರ್ಯಾಕ್ಟರ್ ಥಂಡಿಗಿಂತ ದೊಡ್ಡ ಅಪಾಯ.
• ಮುಗಿಸಿದ ಕೂಡಲೇ ಕುಳಿತುಬಿಡಬೇಡಿ. ಐದು ನಿಮಿಷ ನಡೆಯಿರಿ, ಆಮೇಲೆ ಮೊದಲ ಕೆಲಸ ಬಟ್ಟೆ ಬದಲಿಸುವುದು. ಚಹಾ, ಫೋಟೊ, ಮೆಡಲ್ ಎಲ್ಲ ನಂತರ.
• ಜ್ವರ, ಎದೆ ಕಟ್ಟಿದ ಕೆಮ್ಮು ಇದ್ದರೆ ಆ ದಿನ ಓಟ ಬಿಡಿ.

ಜೊತೆಗಾರರು ನಡುಗುತ್ತಿದ್ದು, ಮಾತು ತೊದಲಿ, ಶರ್ಟಿನ ಗುಂಡಿ ಹಾಕಲೂ ಬಾರದೆ ತಡಕಾಡುತ್ತಿದ್ದರೆ ಸುಮ್ಮನಿರಬೇಡಿ. ಮರೆಗೆ ಕರೆದೊಯ್ದು ಒದ್ದೆ ಬಟ್ಟೆ ತೆಗೆಸಿ, ಕಂಬಳಿ ಹೊದಿಸಿ, ಎಚ್ಚರವಿದ್ದರೆ ಬಿಸಿ ಸಿಹಿ ಚಹಾ ಕೊಡಿ. ಮೈ ಇನ್ನೂ ತಣ್ಣಗಿದ್ದು, ಮಂಪರಿನಲ್ಲಿರುವಾಗಲೇ ನಡುಕ ನಿಂತರೆ ಅದು ಸುಧಾರಣೆಯಲ್ಲ, ಸ್ಥಿತಿ ಕೆಡುತ್ತಿರುವ ಸೂಚನೆ. ಕೂಡಲೇ 108ಕ್ಕೆ ಕರೆ ಮಾಡಿ.

ಯಾರಾದರೂ ಕುಸಿದು ಬಿದ್ದು, ಪ್ರತಿಕ್ರಿಯೆ ಇಲ್ಲದೆ, ಉಸಿರಾಟ ಸಹಜವಾಗಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100-120ರಂತೆ ಜೋರಾಗಿ ಒತ್ತುತ್ತಿರಿ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಬದುಕಿ ಉಳಿದವರಿಗೂ ಉಳಿಯದವರಿಗೂ ಇದ್ದ ದೊಡ್ಡ ವ್ಯತ್ಯಾಸಗಳಲ್ಲಿ ಒಂದು, ಪಕ್ಕದಲ್ಲಿದ್ದವರು ಕೂಡಲೇ ಹೀಗೆ ಎದೆ ಒತ್ತಿದ್ದರೋ ಇಲ್ಲವೋ ಎಂಬುದು.

ಹೆದರಿಸುವ ಸಂದೇಶ ಕಳಿಸಿದವರ ಕಾಳಜಿ ಸುಳ್ಳಲ್ಲ, ಆದರೆ ಅದು ತಪ್ಪು ಜಾಗ ತೋರಿಸುತ್ತದೆ. ಮುಂದಿನ ಸಲ ನಿಮ್ಮ ಗುಂಪಿಗೆ ಕಳಿಸುವುದಿದ್ದರೆ ಇಷ್ಟು ಕಳಿಸಿ: ಓಡುವ ಮುನ್ನ ಬಿಪಿ ನೋಡಿಸಿಕೊಳ್ಳಿ, ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ ಇಟ್ಟುಕೊಳ್ಳಿ.