ಹೊಸ ಯಂತ್ರದ ವೇಗವನ್ನು ಅಳೆಯುವ ಬಗೆ

ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಉದ್ದಿಮೆಯು ಚರಕದಿಂದ ಕಾಟೇಜ್ ಬೇಸಿನ್‌ಗೆ, ಅಲ್ಲಿಂದ ಮಲ್ಟಿಎಂಡ್ ಹಾಗೂ ಸ್ವಯಂಚಾಲಿತ ಯಂತ್ರಗಳಿಗೆ ಸಾಗಿ ಬಂದಿದೆ. ಪ್ರತಿ ಹೊಸ ಯಂತ್ರವೂ ಹೆಚ್ಚಿನ ವೇಗದ ಭರವಸೆಯೊಂದಿಗೇ ಬರುತ್ತದೆ. ಸಾಲ ಮಾಡಿ ಕೊಳ್ಳುವ ಉದ್ದಿಮೆದಾರರು ಆ ವೇಗವನ್ನು ತಾವೇ ಅಳೆದು ನೋಡುವುದು ಅಗತ್ಯ.

ಈ ವಿಷಯದಲ್ಲಿ ತಂತ್ರಾಂಶ ತಯಾರಕರ ಪದ್ಧತಿ ಅನುಕರಣೀಯವಾಗಿದೆ. ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್‌ನ ಹೊಸ ಆವೃತ್ತಿ ಬಂದಾಗ, ಅದೇ ಪ್ರೋಗ್ರಾಮನ್ನು ಅದೇ ಗಣಕದಲ್ಲಿ ಎರಡೂ ಆವೃತ್ತಿಗಳಿಂದ ಹಲವು ಬಾರಿ ಪರಿವರ್ತಿಸಿ ಕಾಲವನ್ನು ಹೋಲಿಸುತ್ತಾರೆ. ಪರಿವರ್ತನೆಗೆ ಹೆಚ್ಚು ಸಮಯ ಹಿಡಿದರೂ ಸಿದ್ಧಗೊಂಡ ಪ್ರೋಗ್ರಾಂ ಚುರುಕಾಗಿರುವುದುಂಟು. ಆದ್ದರಿಂದ ಫಲವನ್ನೂ ಪರೀಕ್ಷಿಸುತ್ತಾರೆ.

ರೀಲರುಗಳಿಗೂ ಇದೇ ಮಾರ್ಗ ಸೂಕ್ತ. ದ್ವಿತಳಿ ಗೂಡು ಬಿಚ್ಚಿದ ಹೊಸ ಯಂತ್ರವನ್ನು ಮಿಶ್ರತಳಿ ಗೂಡಿನ ಹಳೆಯ ಯಂತ್ರಕ್ಕೆ ಹೋಲಿಸುವುದು ಸಲ್ಲದು. ಒಂದೇ ಲಾಟಿನ ಗೂಡನ್ನು ತಮ್ಮ ಯಂತ್ರಕ್ಕೂ ಹೊಸ ಯಂತ್ರವಿರುವ ನೆರೆಯ ಘಟಕಕ್ಕೂ ಹಂಚಿ, ಗಂಟೆ, ಕೂಲಿ, ಇಂಧನ, ರೆಂಡಿಟ್ಟಾಗಳನ್ನು ಬರೆದಿಡಬೇಕು. ಗೂಡಿನ ಬೆಲೆ ಕಿಲೋಗೆ 500 ರೂ. ಎಂದಿಟ್ಟುಕೊಂಡರೆ, ರೆಂಡಿಟ್ಟಾ 7ರಿಂದ 6.5ಕ್ಕೆ ಇಳಿದಾಗ ಪ್ರತಿ ಕಿಲೋ ನೂಲಿಗೆ 250 ರೂ. ಉಳಿಯುತ್ತದೆ. ಇಂತಹ ಉಳಿತಾಯ ಸಾಲದ ಕಂತನ್ನು ಭರಿಸಬಲ್ಲುದೇ ಎಂಬುದನ್ನು ಬ್ಯಾಂಕಿಗೆ ಅರ್ಜಿ ಹಾಕುವ ಮುನ್ನವೇ ಲೆಕ್ಕ ಹಾಕಬೇಕು.