ಶ್ರದ್ಧಾಂಜಲಿ ಸಭೆಗೆ ಹೋಗಿ, ಮೃದಂಗದ ಲೆಕ್ಕ ಕೇಳಿ

ಹಾಸ್ಟೆಲಿನ ಗೆಳೆಯರೆ,

ದೊಡ್ಡ ಸಂಗೀತಗಾರರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆ ನಡೆಯುತ್ತದೆ. ಆಮೇಲೆ ಪುಣ್ಯತಿಥಿ, ಜನ್ಮಶತಮಾನೋತ್ಸವ. 'ಸಾರ್ವಜನಿಕರಿಗೆ ಆದರದ ಸ್ವಾಗತ' ಅಂತ ಕರಪತ್ರದಲ್ಲಿ ಅಚ್ಚಾಗಿರುತ್ತದೆ. ಸಾರ್ವಜನಿಕರು ಅಂದರೆ ಯಾರು? ಸಕಲೇಶಪುರದ ಕಾಫಿ ತೋಟದ ಲೈನಿನವರು ಅದರೊಳಗೆ ಇದ್ದಾರಾ? ಆಲೂರು ಕಡೆಯ ಕೇರಿಯವರು ಇದ್ದಾರಾ? ನಮ್ಮ ಹುಡುಗರಲ್ಲೇ ಎರಡು ಮಾತಿದೆ. "ಅದು ಅಗ್ರಹಾರದ ಸಂಗೀತ ಕಣ್ರೋ, ನಮಗ್ಯಾಕೆ?" ಅಂತಾರೆ ಕೆಲವರು. "ಕಲೆಗೆ ಜಾತಿ ಇಲ್ಲ, ತೆಪ್ಪಗೆ ಹೋಗಿ ಕೇಳ್ಕೊಂಡು ಬರೋಣ" ಅಂತಾರೆ ಇನ್ನು ಕೆಲವರು. ಎರಡನ್ನೂ ನಾವು ಒಪ್ಪುವುದಿಲ್ಲ.

ಮೊದಲನೆಯವರಿಗೆ ಒಂದು ಮಾತು. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತ ವಿದ್ವಾಂಸರ ಊರು. ಆರ್. ಕೆ. ಶ್ರೀಕಂಠನ್ ಅಲ್ಲಿ 1920ರಲ್ಲಿ ಹುಟ್ಟಿದರು. ಆಕಾಶವಾಣಿಯಲ್ಲಿ ದುಡಿದರು. ತೊಂಬತ್ತು ದಾಟಿದ ಮೇಲೂ ಹಾಡಿದರು. 2014ರ ಫೆಬ್ರವರಿ 17ರಂದು ತೀರಿಕೊಂಡರು. ಅಂಥ ಕಂಠಕ್ಕೆ ಎದ್ದು ನಿಂತು ಗೌರವ ಕೊಡುವುದರಿಂದ ನಮಗೆ ಅವಮಾನವೇನಿಲ್ಲ. ರೇಡಿಯೋ ಅಲೆಗೆ ಅಗ್ರಹಾರ ಯಾವುದು, ಕೇರಿ ಯಾವುದು ಗೊತ್ತಿಲ್ಲ. ಕಿವಿ ಇದ್ದವರದೆಲ್ಲ ಸಂಗೀತ. ಬೇಡ ಅಂತ ನಾವೇ ದೂರ ನಿಂತರೆ, ನಮ್ಮನ್ನು ದೂರ ಇಟ್ಟವರ ಕೆಲಸವನ್ನು ನಾವೇ ಪುಕ್ಕಟೆ ಮಾಡಿಕೊಟ್ಟಂತೆ.

ಎರಡನೆಯವರಿಗೆ ಗಂಗೂಬಾಯಿ ಹಾನಗಲ್ ಬದುಕೇ ಉತ್ತರ. 1924ರಲ್ಲಿ ಗಾಂಧಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಆ ಹುಡುಗಿ ಸ್ವಾಗತ ಗೀತೆ ಹಾಡಿದಳು. ಊಟಕ್ಕೆ ಮಾತ್ರ ಬೇರೆ ಪಂಕ್ತಿ. ಎಲ್ಲಿ ಎಂಜಲೆಲೆ ಎತ್ತು ಅಂತಾರೋ ಅಂತ ಅಂಜಿಕೆ. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವ ಸಿಕ್ಕಿತು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಸಂತೋಷ. ಆದರೆ ಹಾರ ಹಾಕುವವರು ಆ ಬೇರೆ ಪಂಕ್ತಿಯ ಮಾತು ಎತ್ತದೆ ಹೋದರೆ, ಅದು ಶ್ರದ್ಧಾಂಜಲಿ ಅಲ್ಲ, ಕೈ ತೊಳೆದುಕೊಳ್ಳುವುದು.

ಈಗ ವೇದಿಕೆ ಮೇಲಿರುವ ಮೃದಂಗ ನೋಡಿ. ಮರ ಹಲಸಿನದು. ಚರ್ಮ ಯಾವುದು? ಹಸುವಿನದು, ಎಮ್ಮೆಯದು, ಮೇಕೆಯದು. ಸತ್ತ ದನ ಮುಟ್ಟಿದ್ದಕ್ಕೆ ನಮ್ಮ ಅಜ್ಜ ಮುತ್ತಜ್ಜಂದಿರನ್ನು ಊರಾಚೆ ಇಟ್ಟರಲ್ಲ, ಅದೇ ಚರ್ಮ! ಮಡಿ ಉಟ್ಟ ವಿದ್ವಾಂಸ ಅದನ್ನು ತೊಡೆ ಮೇಲೆ ಇಟ್ಟುಕೊಳ್ಳುತ್ತಾನೆ. ಚರ್ಮ ಗುಡಿಯೊಳಕ್ಕೆ ಹೋಯಿತು, ಹದ ಮಾಡಿದವನು ಹೊರಗೇ ಉಳಿದ. ಹಳೇ ಕಾಲದ ಮಾತಲ್ಲ ಇದು. ನಮ್ಮ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಸ್ಥಾನದೊಳಕ್ಕೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ದರು.

ತಮಿಳುನಾಡಿನಲ್ಲಿ ಮೃದಂಗ ಕಟ್ಟುವವರಲ್ಲಿ ಬಹಳ ಮಂದಿ ದಲಿತ ಕ್ರೈಸ್ತರು. ಪಾಲ್ಘಾಟ್ ಮಣಿ ಅಯ್ಯರ್ ಹೆಸರು ಎಲ್ಲರಿಗೂ ಗೊತ್ತು. ಅವರ ನಾದಕ್ಕೆ ವರ್ಷಗಟ್ಟಲೆ ಚರ್ಮ ಹದ ಮಾಡಿಕೊಟ್ಟ ಪರ್ಲಾಂದು ಯಾರಿಗೆ ಗೊತ್ತು? ಗಾಯಕ ಟಿ. ಎಂ. ಕೃಷ್ಣ ಈ ಕುಶಲಕರ್ಮಿಗಳ ಮೇಲೆ ಪುಸ್ತಕ ಬರೆದರು. 2020ರ ಫೆಬ್ರವರಿಯಲ್ಲಿ ಅದರ ಬಿಡುಗಡೆಗೆ ಸಭಾಂಗಣ ಕೊಡಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ, ಹಸುವಿನ ಚರ್ಮದ ಮಾತು ಪತ್ರಿಕೆಯಲ್ಲಿ ಬಂದ ಮೇಲೆ ಕೊಡಲ್ಲ ಅಂದಿತು. ಚರ್ಮದ ಸದ್ದು ಬೇಕು, ಚರ್ಮದ ಸುದ್ದಿ ಬೇಡ. ಪುರೋಹಿತಶಾಹಿಯ ನಾಜೂಕು ಅಂದರೆ ಇದೇ!

ನಮ್ಮ ತಮಟೆಯೂ ಚರ್ಮವೇ. ಅದನ್ನು ಹೆಣದ ಮುಂದೆ, ಜಾತ್ರೆಯ ಮುಂದೆ ಬಿಟ್ಟಿಯಾಗಿ ಬಡಿ ಅಂದರೆ ಬಡಿಯಕೂಡದು. ಚಳವಳಿ ಇದನ್ನು ಮೊದಲಿಂದ ಹೇಳಿಕೊಂಡು ಬಂದಿದೆ. ಆದರೆ ಬಿಟ್ಟಿ ಚಾಕರಿಗೆ ನಾಚಬೇಕಾದವರು ಮಾಡಿಸಿದವರು. ತಮಟೆಯ ತಾಳಕ್ಕೆ ನಾವು ನಾಚಬೇಕಾಗಿಲ್ಲ. ಮೃದಂಗಕ್ಕೆ ಜಮಖಾನೆ ಹಾಸಿದ ವೇದಿಕೆಯಲ್ಲೇ ತಮಟೆಗೂ ಜಾಗ ಬೇಕು, ಅಷ್ಟೇ ಸಂಭಾವನೆ ಬೇಕು.

ಅದಕ್ಕೇ ಹೇಳುವುದು, ಇಂಥ ಸಭೆ ಎಲ್ಲೇ ಆಗಲಿ, ಹೋಗಿ. ಒಬ್ಬಿಬ್ಬರಲ್ಲ, ಹತ್ತಾರು ಜನ ಹೋಗಿ. ಹಿಂದಿನ ಸಾಲಲ್ಲಿ ಮುದುಡಿ ಕೂರಬೇಡಿ, ಮುಂದೆ ಕೂತುಕೊಳ್ಳಿ. ಮೌನಾಚರಣೆಗೆ ಎದ್ದು ನಿಲ್ಲಿ, ಹಾಡನ್ನು ಮನಸಿಟ್ಟು ಕೇಳಿ. ಗಲಾಟೆ ಬೇಡ, ಸತ್ತವರಿಗೆ ಅಗೌರವ ಬೇಡವೇ ಬೇಡ. ಮಾತಿಗೆ ಅವಕಾಶ ಬಂದಾಗ ಒಬ್ಬ ಎದ್ದು ಕೇಳಲಿ: "ಸ್ವಾಮಿ, ಇವರ ಜೊತೆ ನುಡಿದ ಮೃದಂಗವನ್ನು ಕಟ್ಟಿದವರು ಯಾರು? ಅವರ ಹೆಸರು ಓದಿ. ಮುಂದಿನ ವರ್ಷ ಅವರಿಗೂ ಕರೆ ಕಳಿಸಿ. ನಮ್ಮ ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಸಂಗೀತ ಕಲಿಸುವವರು ಈ ಸಭೆಯಲ್ಲಿ ಯಾರಿದ್ದೀರಿ, ಕೈ ಎತ್ತಿ."

ಎಷ್ಟು ಕೈ ಮೇಲೇಳುತ್ತವೆ ಎಣಿಸಿಕೊಂಡು ಬನ್ನಿ.

ಜೈ ಭೀಮ್.