ಕಡಲತೀರದ ಗಾಳಿ

ಮಲ್ಪೆಯ ಕಡಲತೀರಕ್ಕೆ ಪ್ರವಾಸ ಹೊರಡುವಾಗ ಬಿಸಿಲು ಮಳೆಗಳನ್ನು ಎಲ್ಲರೂ ವಿಚಾರಿಸುವರು; ಗಾಳಿಯನ್ನು ವಿಚಾರಿಸುವವರು ವಿರಳ. ತಿಪಟೂರು ಸೀಮೆಯ ತೆಂಗಿನ ತೋಟಗಳ ಮರೆಯಲ್ಲಿ ಬೆಳೆದ ನಮ್ಮ ಬಾಲಕಿಯರಿಗೆ ಗಾಳಿಯೆಂದರೆ ಗರಿಗಳ ಸದ್ದು. ಕಡಲಿನ ಮೇಲೆ ಅದನ್ನು ತಡೆಯುವ ಮರಗಳಿಲ್ಲ.

1805ರಲ್ಲಿ ಬೋಫರ್ಟ್ ಎಂಬ ಬ್ರಿಟಿಷ್ ನೌಕಾಧಿಕಾರಿಯು ಗಾಳಿಯ ಬಲಕ್ಕೆ ಅಂಕಗಳನ್ನು ಕಲ್ಪಿಸಿದನು. ಬಳಿಕ ಅವನ್ನು ನೆಲದ ಕುರುಹುಗಳಿಗೂ ಹೊಂದಿಸಿದರು. 3ನೆಯ ಅಂಕದಲ್ಲಿ, ಎಂದರೆ ಗಂಟೆಗೆ 12ರಿಂದ 19 ಕಿಲೋಮೀಟರು ವೇಗದಲ್ಲಿ, ಎಲೆಗಳು ಎಡೆಬಿಡದೆ ಅಲುಗುವುವು, ಇಷ್ಟು ಹಿತವೇ. 4ರಲ್ಲಿ ಧೂಳೂ ಕಾಗದವೂ ಹಾರುವುವು. ತೀರದ ಮರಳು ಕಣ್ಣಿಗೂ ಬುತ್ತಿಗೂ ಬೀಳುವುದು, ಅಲೆಗಳ ಮೇಲೆ ಬಿಳಿನೊರೆಯು ಹೆಚ್ಚುವುದು. ಮಧ್ಯಾಹ್ನದಲ್ಲಿ ಕಡಲಗಾಳಿಯು ಬಲಿಯುವುದರಿಂದ ಬೆಳಗಿನ ಹೊತ್ತು ಲೇಸು. ಆದರೆ ಮುಂಜಾನೆಯ ನೆಲಗಾಳಿಯು ತೀರದಿಂದ ಹೊರಕ್ಕೆ ಬೀಸುವುದು. ನೀರು ಶಾಂತವಾಗಿ ಕಂಡರೂ ತೇಲುವ ಚೆಂಡನ್ನು ಅದು ದೂರ ಒಯ್ಯುವುದು. ಅದರ ಹಿಂದೆ ಮಕ್ಕಳು ಹೋಗಕೂಡದು.

ಜೂನಿನಿಂದ ಸೆಪ್ಟೆಂಬರಿನವರೆಗೆ, ಮುಂಗಾರಿನ ಕಾಲದಲ್ಲಿ, ಈ ಪ್ರವಾಸವೇ ಸಲ್ಲದು. ಮಿಕ್ಕ ತಿಂಗಳುಗಳಲ್ಲಿಯೂ ಹವಾಮಾನ ಇಲಾಖೆಯು ಮೀನುಗಾರರಿಗೆ ಎಚ್ಚರಿಕೆ ಕೊಟ್ಟ ದಿನ ಹೊರಡಬಾರದು. ವಾಹನಕ್ಕೆ ಹಣ ತೆತ್ತಾಯಿತೆಂಬುದು ಕಾರಣವಲ್ಲ. ಗಾಳಿಯನ್ನು ನೋಡಿ ಮಕ್ಕಳನ್ನು ಹಿಂದಕ್ಕೆ ಕರೆತರುವ ಅಧ್ಯಾಪಿಕೆಯನ್ನು ಪೋಷಕರು ಅಂಜುಬುರುಕಳೆನ್ನದೆ ಬೆಂಬಲಿಸಬೇಕೆಂದು ನಾವು ಕೋರುತ್ತೇವೆ.